ಹಾಡಿನ ಪೇಟೆಯಿಂದ ಆಪೆರಾ ಮಂದಿರಕ್ಕೆ: ಜಾರ್ಜ್ ಗರ್ಷ್‌ವಿನ್

ಪಾಶ್ಚಾತ್ಯ ರಂಗಭೂಮಿಯಲ್ಲಿ ಹಾಡು ಬೆರೆತ ನಾಟಕಗಳಲ್ಲಿ ಎರಡು ಬಗೆ ಪ್ರಧಾನವಾದುವು. ಒಂದು ಆಪೆರಾ, ಇನ್ನೊಂದು ಮ್ಯೂಸಿಕಲ್ ಎಂದು ಹೆಸರಾದ ಸಂಗೀತ ನಾಟಕ. ಎರಡರಲ್ಲಿಯೂ ಕಥೆಯುಂಟು, ಪಾತ್ರಗಳುಂಟು, ವಾದ್ಯಮೇಳವುಂಟು. ಆದರೂ ಮೊದಲನೆಯದನ್ನು ಘನವಾದ ಕಲೆಯೆಂದೂ ಎರಡನೆಯದನ್ನು ವಿನೋದವೆಂದೂ ಎಣಿಸುವ ರೂಢಿ ಬಹುಕಾಲದಿಂದ ಬೆಳೆದುಬಂದಿದೆ. ಇವೆರಡರ ಗಡಿಯ ಮೇಲೆ ನಿಂತು, ಎರಡು ಪಕ್ಷದವರಿಂದಲೂ ಆಕ್ಷೇಪಣೆಯನ್ನು ಕೇಳಿ, ತನ್ನ ಹಿರಿಯ ಕೃತಿಯ ಗೆಲವನ್ನು ಕಾಣದೆಯೇ ತೀರಿಕೊಂಡವನು ಅಮೆರಿಕದ ಜಾರ್ಜ್ ಗರ್ಷ್‌ವಿನ್.

ಅವನು ಹುಟ್ಟಿದ್ದು 1898ರ ಸೆಪ್ಟೆಂಬರ್ 26ರಂದು, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ತಂದೆತಾಯಿಗಳು ರಷ್ಯದಿಂದ ವಲಸೆ ಬಂದ ಯಹೂದ್ಯರು. ಮನೆಯವರು ಪಿಯಾನೊ ಕೊಂಡುತಂದದ್ದು ಅಣ್ಣ ಐರಾನಿಗಾಗಿ. ಅದನ್ನು ಆಕ್ರಮಿಸಿಕೊಂಡವನು ಜಾರ್ಜ್. ಮುಂದೆ ಅಣ್ಣ ತಮ್ಮನ ಸ್ವರಗಳಿಗೆ ಮಾತು ಹೊಸೆಯುವ ಕವಿಯಾದನು. ಜಾರ್ಜ್ 15ನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು, ಹಾಡುಗಳ ಮುದ್ರಿತ ಪ್ರತಿಗಳನ್ನು ಮಾರುವ ರೆಮಿಕ್ ಸಂಸ್ಥೆಗೆ ಸೇರಿದನು. ಗಿರಾಕಿಗಳಿಗೆ ಹೊಸ ಹಾಡುಗಳನ್ನು ನುಡಿಸಿ ತೋರಿಸುವುದು ಅವನ ಕೆಲಸ. ವಾರಕ್ಕೆ 15 ಡಾಲರ್ ಸಂಬಳ. ಯಾವ ಹಾಡು ಜನರ ಬಾಯಿಗೆ ಹತ್ತುತ್ತದೆ ಎಂಬುದನ್ನು ಅವನು ಕಲಿತದ್ದು ಇಲ್ಲಿ. 1919ರಲ್ಲಿ ರಚಿಸಿದ ‘ಸ್ವಾನಿ’ ಎಂಬ ಹಾಡು, ಆಲ್ ಜೋಲ್ಸನ್ ಹಾಡಿದ ಮೇಲೆ, ಅವನನ್ನು ನಾಡಿಗೆಲ್ಲ ಪರಿಚಿತನನ್ನಾಗಿ ಮಾಡಿತು.

ಬ್ರಾಡ್‌ವೇ ರಂಗಮಂದಿರಗಳ ಸಂಗೀತ ನಾಟಕ ಆ ಕಾಲಕ್ಕೆ ಹಲವರ ಕೈಕೆಲಸ. ಸಂಭಾಷಣೆ ಒಬ್ಬನದು, ಸಾಹಿತ್ಯ ಇನ್ನೊಬ್ಬನದು, ಧಾಟಿ ಮತ್ತೊಬ್ಬನದು. ಅದನ್ನು ವಾದ್ಯಮೇಳಕ್ಕೆ ಹಂಚುವವನು ಬೇರೆಯೇ. ಕಥೆಯನ್ನು ನಡೆಸುವುದು ಮಾತು; ಭಾವ ಉಕ್ಕಿದಲ್ಲಿ ಅಥವಾ ಸಭೆ ಬೇಸರಗೊಂಡೀತು ಎನಿಸಿದಲ್ಲಿ ಹಾಡು. ಒಂದು ನಾಟಕದಲ್ಲಿ ಕೈಬಿಟ್ಟ ಹಾಡು ಇನ್ನೊಂದರಲ್ಲಿ ತಲೆಯೆತ್ತುವುದೂ ಉಂಟು. ಸಹೋದರರು ಹಾಡು ಕಟ್ಟಿದ ‘ಆಫ್ ದೀ ಐ ಸಿಂಗ್’ ನಾಟಕಕ್ಕೆ 1932ರಲ್ಲಿ ಪುಲಿಟ್ಜರ್ ಬಹುಮಾನ ದೊರೆಯಿತು. ಸಂಗೀತ ನಾಟಕವೊಂದು ಆ ಗೌರವ ಪಡೆದದ್ದು ಅದೇ ಮೊದಲು. ಆದರೆ ಬಹುಮಾನ ಸಂದದ್ದು ಸಂಭಾಷಣೆ ಬರೆದ ಇಬ್ಬರಿಗೆ ಮತ್ತು ಐರಾನಿಗೆ, ಸಂಗೀತಗಾರನಿಗೆ ಪಾಲಿಲ್ಲ. ಸಂಗೀತವು ನಾಟಕದ ಅಂಗವಲ್ಲ, ಆಭರಣ ಎಂದು ತೀರ್ಪುಗಾರರು ಬಗೆದಂತಾಯಿತು.

ಆಪೆರಾದಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಸಂಗೀತಗಾರನೇ ನಾಟಕಕಾರ. ಎರಡು ಹಾಡುಗಳ ನಡುವಣ ಸಾಮಾನ್ಯ ಮಾತೂ, ನಮ್ಮ ಗಮಕಿಗಳ ವಾಚನದಂತೆ, ಸ್ವರವನ್ನೇರಿಯೇ ಬರುತ್ತದೆ. ಇದಕ್ಕೆ ರೆಸಿಟಟಿವ್ ಎಂದು ಹೆಸರು. ಇದೂ ಕಟ್ಟುನಿಟ್ಟಿನ ನಿಯಮವೇನಲ್ಲ: ಬಿಜೆಯ ‘ಕಾರ್ಮೆನ್’ 1875ರಲ್ಲಿ ಮೊದಲು ರಂಗಕ್ಕೆ ಬಂದಾಗ ಅದರಲ್ಲಿ ಆಡುಮಾತೂ ಇತ್ತು. ಮಾತು ಇದೆಯೋ ಇಲ್ಲವೋ ಎಂಬುದಕ್ಕಿಂತ, ಕಥೆಯ ಲಗಾಮು ಯಾರ ಕೈಯಲ್ಲಿದೆ ಎಂಬುದೇ ಮುಖ್ಯ.

ಈ ಲಗಾಮನ್ನು ಹಿಡಿಯಬೇಕೆಂಬ ಆಸೆ ಗರ್ಷ್‌ವಿನ್ನನಿಗೆ ಮೊದಲಿನಿಂದಲೂ ಇತ್ತು. 1922ರಲ್ಲಿ ಅವನು ಬರೆದ ‘ಬ್ಲೂ ಮಂಡೆ’ ಎಂಬ ಏಕಾಂಕ ಆಪೆರಾವನ್ನು ನ್ಯೂಯಾರ್ಕಿನಲ್ಲಿ ಒಂದೇ ಪ್ರಯೋಗಕ್ಕೆ ನಿಲ್ಲಿಸಿಬಿಟ್ಟರು. 1924ರ ‘ರಾಪ್ಸಡಿ ಇನ್ ಬ್ಲೂ’ ಅವನನ್ನು ಸಂಗೀತ ಸಭಾಂಗಣಕ್ಕೆ ಕರೆದೊಯ್ದಿತು. ಕೊನೆಗೆ ಡುಬೋಸ್ ಹೇವರ್ಡನ ‘ಪೋರ್ಗಿ’ ಕಾದಂಬರಿಯಲ್ಲಿ ತನಗೆ ಬೇಕಾದ ವಸ್ತುವನ್ನು ಕಂಡನು. ದಕ್ಷಿಣದ ಚಾರ್ಲ್ಸ್‌ಟನ್ ಪಟ್ಟಣದ ಬಡ ಕಪ್ಪು ಜನರ ಕೇರಿ. ಕಾಲು ಸ್ವಾಧೀನವಿಲ್ಲದ ಭಿಕ್ಷುಕ ಪೋರ್ಗಿ. ಅವನು ಆಶ್ರಯ ಕೊಟ್ಟ ಬೆಸ್. 1934ರ ಬೇಸಗೆಯಲ್ಲಿ ಗರ್ಷ್‌ವಿನ್ ಚಾರ್ಲ್ಸ್‌ಟನ್ನಿನ ಬಳಿಯ ಫಾಲಿ ದ್ವೀಪದಲ್ಲಿ ನೆಲೆಸಿ ಅಲ್ಲಿಯ ಕಪ್ಪು ಜನರ ಭಜನೆ, ಕೂಗು, ಚಪ್ಪಾಳೆಯ ಲಯಗಳಿಗೆ ಕಿವಿಗೊಟ್ಟನು. ವಾದ್ಯಮೇಳದ ಹಂಚಿಕೆಯನ್ನೂ ಈ ಸಲ ತಾನೇ ಮಾಡಿದನು. ಕೇರಿಯ ಜನ ಹಾಡುತ್ತಾರೆ. ಅಲ್ಲಿಗೆ ಬರುವ ಬಿಳಿಯ ಅಧಿಕಾರಿಗಳು ಮಾತ್ರ ಬರಿಯ ಮಾತಾಡುತ್ತಾರೆ. ಹಾಡಿಗೂ ಮಾತಿಗೂ ಇರುವ ಅಂತರವೇ ಇಲ್ಲಿ ಅರ್ಥವಾಯಿತು.

‘ಪೋರ್ಗಿ ಅಂಡ್ ಬೆಸ್’ 1935ರ ಅಕ್ಟೋಬರ್ 10ರಂದು ನ್ಯೂಯಾರ್ಕಿನ ಆಲ್ವಿನ್ ರಂಗಮಂದಿರದಲ್ಲಿ ತೆರೆಕಂಡಿತು. ಪೋರ್ಗಿಯಾದವನು ಹೊವರ್ಡ್ ವಿಶ್ವವಿದ್ಯಾಲಯದ ಸಂಗೀತ ಬೋಧಕ ಟಾಡ್ ಡಂಕನ್. ಠಕ್ಕ ಸ್ಪೋರ್ಟಿನ್ ಲೈಫ್ ಆದವನು ಸ್ವರಲಿಪಿಯನ್ನು ಓದಲರಿಯದ ನರ್ತಕ ಜಾನ್ ಬಬಲ್ಸ್. ಪತ್ರಿಕೆಗಳು ನಾಟಕ ವಿಮರ್ಶಕರನ್ನೂ ಸಂಗೀತ ವಿಮರ್ಶಕರನ್ನೂ ಕಳಿಸಿದವು. ಬಾಗಿಲು ಮುಚ್ಚೆಂಬ ಮಾತಿಗೂ ಸ್ವರವೇಕೆ ಎಂಬ ಬೇಸರ ಮೊದಲಿನವರದು. ಆಪೆರಾದಲ್ಲಿ ಬೀದಿಹಾಡುಗಳ ಗುಣವೇಕೆ ಎಂಬ ಸಂದೇಹ ಎರಡನೆಯವರದು. ಕಪ್ಪು ಜನರ ಬಾಳನ್ನು ಬಿಳಿಯರು ಚಿತ್ರಿಸಿದ ರೀತಿಯ ಬಗೆಗೆ ಎದ್ದ ಆಕ್ಷೇಪವಂತೂ ಇಂದಿಗೂ ಅಡಗಿಲ್ಲ. 124 ಪ್ರಯೋಗಗಳಾದವು, ಹಾಕಿದ ಹಣ ಮುಳುಗಿತು. 1936ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಪ್ರೇಕ್ಷಕರಿಗೆ ಪ್ರವೇಶವಿಲ್ಲವೆಂದಾಗ ಡಂಕನ್ ಮೊದಲಾದ ನಟರು ಹಾಡಲು ಒಪ್ಪಲಿಲ್ಲ. ಕೊನೆಗೆ ರಂಗಮಂದಿರವೇ ಮಣಿಯಿತು.

1937ರ ಜುಲೈ 11ರಂದು, ಮಿದುಳಿನ ಗಡ್ಡೆಯಿಂದ, 38ರ ಪ್ರಾಯದಲ್ಲಿ ಗರ್ಷ್‌ವಿನ್ ಹಾಲಿವುಡ್ಡಿನಲ್ಲಿ ತೀರಿಕೊಂಡನು. 1942ರಲ್ಲಿ ಚೆರಿಲ್ ಕ್ರಾಫರ್ಡ್ ಎಂಬಾಕೆ ರೆಸಿಟಟಿವ್‌ಗಳ ಬಹುಭಾಗವನ್ನು ಆಡುಮಾತಾಗಿಸಿ, ವಾದ್ಯಮೇಳವನ್ನು ಕುಗ್ಗಿಸಿ ಅದನ್ನೇ ಸಂಗೀತ ನಾಟಕವನ್ನಾಗಿ ಆಡಿಸಿದಳು, ಜನ ಮುಗಿಬಿದ್ದರು. 1976ರಲ್ಲಿ ಹ್ಯೂಸ್ಟನ್ನಿನ ಆಪೆರಾ ಸಂಸ್ಥೆ ಕತ್ತರಿಸಿದ ಭಾಗಗಳನ್ನು ಮರಳಿ ಸೇರಿಸಿತು. 1985ರಲ್ಲಿ, ಮೊದಲ ಪ್ರಯೋಗದ 50ನೆಯ ವರ್ಷದಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಮಂದಿರ ಅದನ್ನು ತನ್ನ ವೇದಿಕೆಗೆ ಬರಮಾಡಿಕೊಂಡಿತು. ಪ್ರಸಿದ್ಧ ಹಾಡುಗಳು ಈ ಎಲ್ಲ ಪ್ರಯೋಗಗಳಲ್ಲಿಯೂ ಅವೇ ಆಗಿದ್ದವು. ಬದಲಾದದ್ದು ಒಂದು ಹಾಡು ಮುಗಿದು ಇನ್ನೊಂದು ಮೊದಲಾಗುವವರೆಗಿನ ಹೊತ್ತು. ಗರ್ಷ್‌ವಿನ್ ಬಹಳ ದುಡಿದದ್ದು ಆ ಹೊತ್ತಿಗಾಗಿ.