ಗಡ್ಡೆಯ ಕ್ರೋಮೋಸೋಮ್ ಲೆಕ್ಕ ತಪ್ಪಿದರೆ ಅದು ವಂಶದ ಕಾಯಿಲೆಯೇ? ಉತ್ತರ ಬೊವೆರಿ ಬದುಕಿನಲ್ಲಿದೆ

ಬೆನ್ಸನ್ ಟೌನ್‌ನ ಒಂದು ಮನೆ ಎಂದುಕೊಳ್ಳಿ. ಅಜ್ಜಿಯ ಗಡ್ಡೆಯ ರಿಪೋರ್ಟ್ ಬಂದಿದೆ. ಕ್ರೋಮೋಸೋಮ್ ಸಂಖ್ಯೆ ಏರುಪೇರಾಗಿದೆ ಎಂದು ಅದರಲ್ಲಿದೆ. ಮನೆಯಲ್ಲಿ ಮದುವೆ ವಯಸ್ಸಿನ ಮೊಮ್ಮಗಳು. ಕ್ರೋಮೋಸೋಮ್ ಅಂದರೆ ವಂಶದ್ದಲ್ಲವೇ, ಗಂಡಿನ ಕಡೆಯವರಿಗೆ ಗೊತ್ತಾದರೆ ಏನು ಗತಿ ಎಂದು ರಿಪೋರ್ಟ್ ಬೀರು ಸೇರುತ್ತದೆ.

ಈ ಭಯ ಸರಿಯೇ? ನೂರು ವರ್ಷದ ಹಿಂದೆಯೇ ಈ ಬಗ್ಗೆ ಯೋಚಿಸಿದ ಒಬ್ಬ ವಿಜ್ಞಾನಿಯ ಕಥೆ ಕೇಳಿ.

ಥಿಯೋಡೋರ್ ಬೊವೆರಿ ಹುಟ್ಟಿದ್ದು 1862ರಲ್ಲಿ, ಜರ್ಮನಿಯ ಬಾಂಬರ್ಗ್‌ನಲ್ಲಿ. ಈ ಹೆಸರು ಬೆಂಗಳೂರಿಗೆ ತೀರ ಹೊಸದಲ್ಲ. ಪೀಣ್ಯದಲ್ಲಿ ಕಾಣುವ ಎಬಿಬಿ ಕಂಪನಿಯ ಕೊನೆಯ ಬಿ ಅಂದರೆ ಬೊವೆರಿ, ಅಂದರೆ ಇವರ ತಮ್ಮ ವಾಲ್ಟರ್. ತಮ್ಮ ವಿದ್ಯುತ್ ಯಂತ್ರಗಳ ಹಿಂದೆ ಹೋದರೆ ಅಣ್ಣ ಮೈಕ್ರೋಸ್ಕೋಪ್ ಹಿಡಿದರು. 1893ರಲ್ಲಿ ವೂರ್ಟ್ಸ್‌ಬರ್ಗ್‌ನಲ್ಲಿ ಪ್ರೊಫೆಸರ್ ಆದರು. 1897ರಲ್ಲಿ ಅಮೆರಿಕದ ಜೀವವಿಜ್ಞಾನಿ ಮಾರ್ಸೆಲಾ ಓ'ಗ್ರೇಡಿ ಅವರನ್ನು ಮದುವೆಯಾದರು.

ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಒಂದೇ ಮೊಟ್ಟೆಗೆ ಎರಡು ವೀರ್ಯಾಣು ಸೇರುವಂತೆ ಬೊವೆರಿ ಮಾಡಿದರು. ಆಗ ಮೊಟ್ಟೆ ಎರಡಾಗುವ ಬದಲು ಒಮ್ಮೆಗೇ ಮೂರು, ನಾಲ್ಕು ಭಾಗವಾಯಿತು. ಕ್ರೋಮೋಸೋಮ್‌ಗಳು ಅಡ್ಡಾದಿಡ್ಡಿ ಹಂಚಿಹೋದವು. ಬಹುಪಾಲು ಭ್ರೂಣಗಳು ಸರಿಯಾಗಿ ಬೆಳೆಯಲಿಲ್ಲ. ಪ್ರತಿ ಕ್ರೋಮೋಸೋಮ್‌ಗೂ ಬೇರೆ ಬೇರೆ ಕೆಲಸವಿದೆ, ಪೂರ್ತಿ ಜೊತೆ ಇರಲೇಬೇಕು ಎಂದು 1902ರಲ್ಲಿ ಅವರು ತೋರಿಸಿದರು.

ಕ್ಯಾನ್ಸರ್ ಕೋಶಗಳು ಅಸಮವಾಗಿ ಒಡೆಯುವುದನ್ನು ಡೇವಿಡ್ ಹಾನ್ಸೆಮನ್ 1890ರಲ್ಲೇ ಗುರುತಿಸಿದ್ದರು. ಬೊವೆರಿ ಎರಡನ್ನೂ ಜೋಡಿಸಿದರು. ದೇಹದ ಒಂದೇ ಒಂದು ಕೋಶದಲ್ಲಿ ಕ್ರೋಮೋಸೋಮ್ ಹಂಚಿಕೆ ಕೆಟ್ಟರೆ, ಬೆಳವಣಿಗೆ ತಡೆಯುವ ಭಾಗ ಕಳೆದುಹೋದರೆ, ಆ ಕೋಶ ಹದ್ದುಮೀರಿ ಬೆಳೆದು ಗಡ್ಡೆಯಾಗಬಹುದು ಎಂದು 1914ರ ಪುಸ್ತಕದಲ್ಲಿ ಬರೆದರು. ಆರೋಗ್ಯ ಮೊದಲೇ ಹದಗೆಟ್ಟಿತ್ತು. ಅದೇ ಕಾರಣಕ್ಕೆ ಬರ್ಲಿನ್‌ನ ದೊಡ್ಡ ಹುದ್ದೆಯನ್ನೂ ಬಿಟ್ಟಿದ್ದರು. 1915ರಲ್ಲಿ, 53ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಪುಸ್ತಕವನ್ನು 1929ರಲ್ಲಿ ಇಂಗ್ಲಿಷಿಗೆ ತಂದವರು ಪತ್ನಿ ಮಾರ್ಸೆಲಾ.

ಮನುಷ್ಯರ ಕೋಶದಲ್ಲಿ 46 ಕ್ರೋಮೋಸೋಮ್ ಎಂಬುದು ಖಚಿತವಾಗಿದ್ದೇ 1956ರಲ್ಲಿ. 1960ರಲ್ಲಿ ಒಂದು ಬಗೆಯ ರಕ್ತಕ್ಯಾನ್ಸರ್‌ನಲ್ಲಿ ಗಿಡ್ಡವಾದ ಕ್ರೋಮೋಸೋಮ್ ಸಿಕ್ಕಿತು. ಈಗ ಕೋಶಗಳಿಗೆ ಡಿಎನ್‌ಎಗೆ ಅಂಟುವ ಬಣ್ಣ ಹಾಕಿ, ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸಿ, ಹೊಳಪಿನಿಂದ ಡಿಎನ್‌ಎ ಎಷ್ಟಿದೆ ಎಂದು ಅಳೆಯುತ್ತಾರೆ. ಹೆಚ್ಚಿನ ಗಟ್ಟಿ ಗಡ್ಡೆಗಳಲ್ಲಿ ಈ ಲೆಕ್ಕ ತಪ್ಪಿರುತ್ತದೆ. ಲೆಕ್ಕ ತಪ್ಪಿದ್ದೆಲ್ಲ ಕೆಟ್ಟ ಸುದ್ದಿಯೂ ಅಲ್ಲ: ಮಕ್ಕಳ ಒಂದು ಬಗೆಯ ರಕ್ತಕ್ಯಾನ್ಸರ್‌ನಲ್ಲಿ ಕ್ರೋಮೋಸೋಮ್ 50 ದಾಟಿದ್ದರೆ ಚಿಕಿತ್ಸೆ ಸಾಮಾನ್ಯವಾಗಿ ಚೆನ್ನಾಗಿ ಫಲಿಸುತ್ತದೆ.

ಹಾಗಾದರೆ ಮೊಮ್ಮಗಳ ಗತಿ? ಅಜ್ಜಿಯ ರಿಪೋರ್ಟ್ ಹೇಳುವುದು ಗಡ್ಡೆಯೊಳಗಿನ ಕೋಶಗಳ ಲೆಕ್ಕ. ಆ ತಪ್ಪು ಅಜ್ಜಿ ಹುಟ್ಟಿದ ಎಷ್ಟೋ ವರ್ಷದ ಮೇಲೆ, ಆ ಜಾಗದಲ್ಲಷ್ಟೇ ಆಗಿದ್ದು. ಅದು ರಕ್ತಸಂಬಂಧದಲ್ಲಿ ಹರಿದು ಬರುವುದಿಲ್ಲ. ಹುಟ್ಟಿನಿಂದ ಬಂದ ಜೀನ್ ದೋಷ ಕಾರಣವಾಗುವುದು ಸುಮಾರು 5ರಿಂದ 10 ಶೇಕಡಾ ಕ್ಯಾನ್ಸರ್‌ಗಳಿಗೆ ಮಾತ್ರ. ಅದಕ್ಕೆ ಬೇರೆಯೇ ಪರೀಕ್ಷೆ ಇದೆ. ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬಂದಿದ್ದರೆ ವೈದ್ಯರನ್ನು ಕೇಳಿ.

ರಿಪೋರ್ಟ್ ಇರಬೇಕಾದದ್ದು ಬೀರುವಿನಲ್ಲಲ್ಲ, ಡಾಕ್ಟರ ಕೈಯಲ್ಲಿ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.