ಡಾ. ಯಲ್ಲಾಪ್ರಗಡ ಸುಬ್ಬಾರಾವ್

ಶಾಲೆಯಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುವುದನ್ನು ನೀವು ನೋಡಿರಬಹುದು. ಗರ್ಭಿಣಿಯರಿಗೂ ಸರಕಾರಿ ಆಸ್ಪತ್ರೆಯಲ್ಲಿ ಅಂಥ ಮಾತ್ರೆಗಳನ್ನು ಕೊಡುತ್ತಾರೆ. ಆ ಮಾತ್ರೆಯಲ್ಲಿ ಕಬ್ಬಿಣ ಮಾತ್ರ ಇರುವುದಿಲ್ಲ. ಫೋಲಿಕ್ ಆಮ್ಲ ಎಂಬ ಇನ್ನೊಂದು ವಸ್ತುವೂ ಇರುತ್ತದೆ. ನಮ್ಮ ದೇಹದಲ್ಲಿ ಹೊಸ ರಕ್ತ ಹುಟ್ಟಬೇಕಾದರೆ ಅದು ಬೇಕೇ ಬೇಕು. ಈ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಂದಾಳು ನಮ್ಮ ಆಂಧ್ರದಲ್ಲಿ ಹುಟ್ಟಿದವರು. ಅದೇ ತಂಡ ರಕ್ತದ ಕ್ಯಾನ್ಸರನ್ನು ತಡೆಯುವ ಔಷಧವನ್ನೂ ಮಾಡಿತು. ಆ ಮುಂದಾಳುವೇ ಡಾ. ಯಲ್ಲಾಪ್ರಗಡ ಸುಬ್ಬಾರಾವ್.

ಸುಬ್ಬಾರಾವ್ ಅವರು 1895ನೇ ಇಸವಿ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರಂನಲ್ಲಿ ಜನಿಸಿದರು. ಆಗ ಆ ಊರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆದವಾನಿ, ರಾಯದುರ್ಗ, ಮಡಕಶಿರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ಸಣ್ಣ ಕೆಲಸದಲ್ಲಿದ್ದರು. ಆರೋಗ್ಯ ಕೆಟ್ಟದ್ದರಿಂದ ಅವರು ಬೇಗನೆ ಕೆಲಸ ಬಿಡಬೇಕಾಯಿತು. ಮನೆ ತುಂಬ ಮಕ್ಕಳು, ಕೈಯಲ್ಲಿ ಹಣವಿಲ್ಲ. ಸಂಸಾರದ ಭಾರವೆಲ್ಲ ತಾಯಿ ವೆಂಕಮ್ಮನವರ ಮೇಲೆ ಬಿತ್ತು.

ಬಾಲಕ ಸುಬ್ಬಾರಾವ್‌ಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ದೊಡ್ಡ ಹಣವಂತನಾಗಬೇಕು ಎಂಬ ಆಸೆ ಹುಟ್ಟಿತು. ಕಾಶಿಗೆ ಹೋಗಿ, ಅಲ್ಲಿಗೆ ಬರುವ ಯಾತ್ರಿಕರಿಗೆ ಬಾಳೆಹಣ್ಣು ಮಾರಿದರೆ ಬೇಕಾದಷ್ಟು ಹಣ ಸಿಗುತ್ತದೆ ಎಂದು ಯೋಚಿಸಿದ. ಯಾರಿಗೂ ಹೇಳದೆ ಮನೆ ಬಿಟ್ಟು ಹೊರಟೇಬಿಟ್ಟ. ಮನೆಯವರು ಹುಡುಕಿಕೊಂಡು ಹೋಗಿ ದಾರಿಯಲ್ಲೇ ಹಿಡಿದು ಕರೆತಂದರು. ತಾಯಿ ಅವನನ್ನು ಮತ್ತೆ ಶಾಲೆಗೆ ಕಳುಹಿಸಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಆತ ಒಮ್ಮೆ ಅಲ್ಲ, ಎರಡು ಬಾರಿ ನಪಾಸಾದ. ಅಷ್ಟರಲ್ಲಿ ತಂದೆಯವರೂ ತೀರಿಕೊಂಡರು. ಆದರೂ ವೆಂಕಮ್ಮನವರು ಮಗನ ಓದು ನಿಲ್ಲಿಸಲಿಲ್ಲ. ತಮ್ಮ ಒಡವೆಗಳನ್ನು ಮಾರಿ ಮದ್ರಾಸಿನ ಶಾಲೆಗೆ ಕಳುಹಿಸಿದರು. ಮೂರನೆಯ ಬಾರಿ ಸುಬ್ಬಾರಾವ್ ಪಾಸಾದರು.

ಮುಂದೆ ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಓದುತ್ತಿದ್ದಾಗ ಅವರ ಮನಸ್ಸು ರಾಮಕೃಷ್ಣ ಮಠದ ಕಡೆಗೆ ಎಳೆಯಿತು. ಸಂನ್ಯಾಸಿಯಾಗಬೇಕೆಂದು ಬಯಸಿದರು. ತಾಯಿ ಒಪ್ಪಲಿಲ್ಲ. ವೈದ್ಯನಾದರೆ ಜನಸೇವೆ ಮಾಡಬಹುದು ಎಂಬ ವಿಚಾರ ಅವರಿಗೆ ಹಿಡಿಸಿತು. ಹೀಗೆ ಅವರು ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾದರು. 1919ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು.

ಅದು ಸ್ವಾತಂತ್ರ್ಯ ಹೋರಾಟದ ಕಾಲ. ವಿದೇಶಿ ಬಟ್ಟೆ ಬಿಡಿ, ಖಾದಿ ತೊಡಿ ಎಂದು ಗಾಂಧೀಜಿಯವರು ಕರೆ ಕೊಟ್ಟಿದ್ದರು. ಸುಬ್ಬಾರಾವ್ ಶಸ್ತ್ರಚಿಕಿತ್ಸೆಯ ತರಗತಿಗೆ ಖಾದಿಯ ನಿಲುವಂಗಿ ತೊಟ್ಟು ಹೋದರು. ಅವರ ಬ್ರಿಟಿಷ್ ಪ್ರಾಧ್ಯಾಪಕರಿಗೆ ಇದು ಸರಿಬರಲಿಲ್ಲ. ಪರೀಕ್ಷೆಗಳನ್ನು ಚೆನ್ನಾಗಿ ಬರೆದಿದ್ದರೂ ಸುಬ್ಬಾರಾವ್‌ಗೆ ಎಂ.ಬಿ.ಬಿ.ಎಸ್. ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ಸಿಕ್ಕಿತು. ಇದರಿಂದ ಅವರಿಗೆ ಸರಕಾರಿ ವೈದ್ಯರ ಕೆಲಸ ದೊರೆಯಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಅವರು ಉಪನ್ಯಾಸಕರಾದರು.

ಇದೇ ವರ್ಷಗಳಲ್ಲಿ ಮನೆಗೆ ಇನ್ನೊಂದು ದುಃಖ ಬಂತು. ಸುಬ್ಬಾರಾವ್ ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ರೋಗಕ್ಕೆ ಬಲಿಯಾದರು. ಈ ರೋಗ ಬಂದವರಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಭೇದಿ ನಿಲ್ಲುವುದಿಲ್ಲ. ರಕ್ತ ಕಡಿಮೆಯಾಗಿ ಮೈ ಬಿಳಿಚಿಕೊಳ್ಳುತ್ತದೆ. ಆಗ ಇದಕ್ಕೆ ಸರಿಯಾದ ಮದ್ದು ಯಾರಿಗೂ ತಿಳಿದಿರಲಿಲ್ಲ. ಸುಬ್ಬಾರಾವ್‌ಗೂ ಅದೇ ರೋಗ ಬಂತು. ಡಾ. ಆಚಂಟ ಲಕ್ಷ್ಮೀಪತಿ ಎಂಬ ಆಯುರ್ವೇದ ವೈದ್ಯರ ಚಿಕಿತ್ಸೆಯಿಂದ ಅವರು ಬದುಕಿಕೊಂಡರು. ರೋಗಗಳಿಗೆ ಮದ್ದು ಹುಡುಕುವುದೇ ತಮ್ಮ ಕೆಲಸವೆಂದು ಅವರು ತೀರ್ಮಾನಿಸಿದರು. ಅದಕ್ಕಾಗಿ ಅಮೆರಿಕಕ್ಕೆ ಹೋಗಿ ಕಲಿಯಬೇಕೆಂದು ನಿಶ್ಚಯಿಸಿದರು.

ಹಣ ಎಲ್ಲಿಂದ ಬರಬೇಕು? ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆ ನೆರವು ನೀಡಿತು. ಮಾವನವರೂ ಸಹಾಯ ಮಾಡಿದರು. 1922ರ ಅಕ್ಟೋಬರ್ ತಿಂಗಳಲ್ಲಿ ಸುಬ್ಬಾರಾವ್ ಅಮೆರಿಕದ ಬಾಸ್ಟನ್ ನಗರ ತಲುಪಿದರು. ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಕಲಿಯತೊಡಗಿದರು. ತಂದ ಹಣ ಸಾಲುತ್ತಿರಲಿಲ್ಲ. ಆದ್ದರಿಂದ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದು ಅವರ ಕೆಲಸ. ವೈದ್ಯನಾದ ತಾನು ಇಂಥ ಕೆಲಸ ಮಾಡುವುದೇ ಎಂದು ಅವರು ನಾಚಲಿಲ್ಲ. ಹಗಲು ಓದಿದರು, ರಾತ್ರಿ ದುಡಿದರು.

ಡಿಪ್ಲೊಮ ಪಡೆದ ಮೇಲೆ ಅವರು ಜೀವರಸಾಯನ ವಿಭಾಗಕ್ಕೆ ಸೇರಿದರು. ಅಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯೊಡನೆ ಸಂಶೋಧನೆ ನಡೆಸಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ರಂಜಕ ಎಷ್ಟಿದೆ ಎಂದು ಅಳೆಯುವ ಸುಲಭ ವಿಧಾನವನ್ನು 1925ರಲ್ಲಿ ಇಬ್ಬರೂ ಪ್ರಕಟಿಸಿದರು. ಆ ವಿಧಾನಕ್ಕೆ ಫಿಸ್ಕೆ-ಸುಬ್ಬಾರಾವ್ ವಿಧಾನ ಎಂದೇ ಹೆಸರು. 1929ರಲ್ಲಿ ಅವರು ಎ.ಟಿ.ಪಿ. ಎಂಬ ವಸ್ತುವನ್ನು ಸ್ನಾಯುಗಳಲ್ಲಿ ಕಂಡುಹಿಡಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬುವರೂ ಬೇರೆಯಾಗಿ ಅದನ್ನು ಕಂಡುಹಿಡಿದಿದ್ದರು. ನಾವು ತಿನ್ನುವ ಮುದ್ದೆ, ಅನ್ನಗಳಿಂದ ಬರುವ ಶಕ್ತಿಯನ್ನು ನಮ್ಮ ಜೀವಕೋಶಗಳು ಎ.ಟಿ.ಪಿ.ಯ ರೂಪದಲ್ಲಿಯೇ ಬಳಸುತ್ತವೆ. ನಾವು ಓಡಿದರೂ, ಬರೆದರೂ, ಕಣ್ಣು ಮಿಟುಕಿಸಿದರೂ ಅದು ಖರ್ಚಾಗುತ್ತದೆ.

ಇಷ್ಟೆಲ್ಲ ಸಾಧಿಸಿದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿಗೆ ಹೋದರು. ಅಲ್ಲಿನ ಲೆಡರ್ಲೆ ಔಷಧ ಕಂಪನಿಯ ಪ್ರಯೋಗಶಾಲೆಯನ್ನು ಸೇರಿದರು. ಮುಂದೆ ಅಲ್ಲಿನ ಸಂಶೋಧನೆಯ ನಿರ್ದೇಶಕರಾದರು. ಅನೇಕ ವಿಜ್ಞಾನಿಗಳು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು.

ಸಹೋದರರ ಜೀವ ತೆಗೆದ ರೋಗವನ್ನು ಸುಬ್ಬಾರಾವ್ ಮರೆತಿರಲಿಲ್ಲ. ಯಕೃತ್ತಿನ ಸಾರದಲ್ಲಿ ರಕ್ತವನ್ನು ಹೆಚ್ಚಿಸುವ ಯಾವುದೋ ವಸ್ತು ಇದೆ ಎಂದು ವಿಜ್ಞಾನಿಗಳಿಗೆ ತಿಳಿದಿತ್ತು. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅವರು ಮುಂಬಯಿಗೆ ಬಂದು, ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದ್ದರು. ಈಸ್ಟಿನ ಸಾರ ಕೊಟ್ಟರೆ ಅವರು ಗುಣವಾಗುತ್ತಾರೆ ಎಂದು 1931ರಲ್ಲಿ ಬರೆದಿದ್ದರು. 1941ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅಂಥ ಒಂದು ವಸ್ತುವನ್ನು ಬೇರ್ಪಡಿಸಿದರು. ಅಷ್ಟು ಸೊಪ್ಪಿನಿಂದ ಸಿಕ್ಕಿದ್ದು ತೀರ ಸ್ವಲ್ಪ. ಎಲೆಯಿಂದ ಬಂದದ್ದರಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ.

ಸೊಪ್ಪಿನಿಂದ, ಯಕೃತ್ತಿನಿಂದ ಇಷ್ಟಿಷ್ಟೇ ತೆಗೆದರೆ ರೋಗಿಗಳಿಗೆ ಸಾಲುವುದಿಲ್ಲ. ಅದರ ರಚನೆಯನ್ನು ತಿಳಿದು ಪ್ರಯೋಗಶಾಲೆಯಲ್ಲಿಯೇ ತಯಾರಿಸಬೇಕಿತ್ತು. ಸುಬ್ಬಾರಾವ್ ಅವರ ತಂಡ 1945ರಲ್ಲಿ ಈ ಕೆಲಸವನ್ನು ಸಾಧಿಸಿತು. ಸ್ಪ್ರೂ ರೋಗಿಗಳಿಗೆ ಫೋಲಿಕ್ ಆಮ್ಲ ಕೊಟ್ಟಾಗ ಅವರ ರಕ್ತ ಹೆಚ್ಚಿತು. ಸಹೋದರರನ್ನು ಕಳೆದುಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಆ ರೋಗಕ್ಕೆ ಮದ್ದು ಸಿಕ್ಕಿತು. ಅವರ ಸಹೋದರರಿಗೆ ಅದು ಒದಗಲಿಲ್ಲ. ಬೇರೆಯವರ ಮನೆಯ ಮಕ್ಕಳಿಗೆ ಒದಗಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನಮ್ಮ ಮೂಳೆಗಳ ಒಳಗೆ ಮಜ್ಜೆ ಇದೆ. ರಕ್ತಕಣಗಳು ಹುಟ್ಟುವುದು ಅಲ್ಲಿಯೇ. ಕೆಂಪು ರಕ್ತಕಣಗಳು ಮೈಗೆಲ್ಲ ಆಮ್ಲಜನಕವನ್ನು ಒಯ್ಯುತ್ತವೆ. ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರ್ ಬಂದಾಗ ಬಲಿಯದ ಬಿಳಿ ಕಣಗಳು ಮಿತಿಯಿಲ್ಲದೆ ಹೆಚ್ಚುತ್ತವೆ. ಹೊಲದಲ್ಲಿ ಕಳೆ ಬೆಳೆದು ಪೈರನ್ನು ಅಡಗಿಸುವಂತೆ ಅವು ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಆ ಕಾಲದಲ್ಲಿ ಈ ರೋಗ ಬಂದ ಮಕ್ಕಳು ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸಾಯುತ್ತಿದ್ದರು.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಫೋಲಿಕ್ ಆಮ್ಲದ ಗುಂಪಿನ ವಸ್ತು ಕೊಟ್ಟಾಗ ಲ್ಯುಕೇಮಿಯ ಕಣಗಳು ಇನ್ನೂ ವೇಗವಾಗಿ ಹೆಚ್ಚಿದಂತೆ ಅವರಿಗೆ ಕಂಡಿತು. ರೋಗದ ಕಣಗಳಿಗೆ ಫೋಲಿಕ್ ಆಮ್ಲವೇ ಗೊಬ್ಬರವಾದರೆ, ಅದು ಅವುಗಳಿಗೆ ಸಿಗದಂತೆ ತಡೆಯಬಾರದೇಕೆ ಎಂದು ಅವರು ಯೋಚಿಸಿದರು. ಅದನ್ನು ತಡೆಯುವ ವಸ್ತುಗಳನ್ನು ಸುಬ್ಬಾರಾವ್ ಅವರ ತಂಡ ತಯಾರಿಸಿ ಕೊಟ್ಟಿತು.

ಅವು ಕೆಲಸ ಮಾಡುವ ಬಗೆ ಸೋಜಿಗದ್ದು. ಬೀಗಕ್ಕೆ ತನ್ನದೇ ಕೀಲಿಕೈ ಹಾಕಿದರೆ ಬೀಗ ತೆರೆಯುತ್ತದೆ. ಅದನ್ನೇ ಹೋಲುವ ಸುಳ್ಳು ಕೀಲಿಕೈ ಹಾಕಿದರೆ ಅದು ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ನಿಜವಾದ ಕೀಲಿಕೈಗೂ ಜಾಗ ಬಿಡುವುದಿಲ್ಲ. ಅಮಿನಾಪ್ಟೆರಿನ್ ಎಂಬ ಔಷಧ ಅಂಥ ಸುಳ್ಳು ಕೀಲಿಕೈ. ಅದು ನೋಡಲು ಫೋಲಿಕ್ ಆಮ್ಲದಂತೆಯೇ ಇದೆ. ಜೀವಕೋಶ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಕಣಗಳ ಬೆಳವಣಿಗೆ ನಿಲ್ಲುತ್ತದೆ.

ಫಾರ್ಬರ್ ಅವರು ಈ ಔಷಧವನ್ನು 16 ಮಕ್ಕಳಿಗೆ ಕೊಟ್ಟರು. ಅವರಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಈ ವರದಿ 1948ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಚೇತರಿಕೆ ಕೆಲವು ತಿಂಗಳು ಮಾತ್ರ ಉಳಿಯಿತು. ರೋಗ ಮತ್ತೆ ಮರಳಿತು. ಆದರೂ ಔಷಧದಿಂದ ಈ ರೋಗವನ್ನು ತಡೆಯಬಹುದು ಎಂದು ಜಗತ್ತಿಗೆ ತಿಳಿಯಿತು. ಅದೇ ತಂಡ ಮಾಡಿದ ಇನ್ನೊಂದು ಔಷಧ ಮೆಥೊಟ್ರೆಕ್ಸೇಟ್. ಅದನ್ನು ಇಂದಿಗೂ ಬೇರೆ ಔಷಧಗಳೊಡನೆ ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆ. ಕೀಲುನೋವಿನ ಒಂದು ರೋಗಕ್ಕೂ ಕೊಡುತ್ತಾರೆ. ಇಂದು ಒಳ್ಳೆಯ ಚಿಕಿತ್ಸೆ ದೊರೆತರೆ ಲ್ಯುಕೇಮಿಯ ಬಂದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗಿ ಮತ್ತೆ ಶಾಲೆಗೆ ಹೋಗುತ್ತಾರೆ.

ಸುಬ್ಬಾರಾವ್ ಅವರ ಪ್ರಯೋಗಶಾಲೆಯಿಂದ ಇನ್ನೂ ಎರಡು ದೊಡ್ಡ ಔಷಧಗಳು ಬಂದವು. ಒಂದು ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಮಾತ್ರೆ. ಇದು 1947ರಲ್ಲಿ ಬಂತು. ನಮ್ಮ ದೇಶದಲ್ಲಿ ಆ ರೋಗವಿರುವ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಈ ಮಾತ್ರೆ ನುಂಗಿಸುತ್ತಾರೆ. ಇನ್ನೊಂದು ಆರಿಯೊಮೈಸಿನ್. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಕೆಲಸದಿಂದ ನಿವೃತ್ತರಾದ ಮೇಲೆ ಈ ತಂಡಕ್ಕೆ ಬಂದಿದ್ದರು. ಎಪ್ಪತ್ತು ದಾಟಿದ ಆ ಹಿರಿಯರು ಊರೂರಿನ ಮಣ್ಣು ತರಿಸಿ ಪರೀಕ್ಷಿಸಿದರು. ಅದರಲ್ಲಿ ಸಿಕ್ಕ ಹೊಂಬಣ್ಣದ ಸೂಕ್ಷ್ಮಜೀವಿಯಿಂದ ಈ ಔಷಧ ದೊರೆಯಿತು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳಲ್ಲಿ ಇದೇ ಮೊದಲನೆಯದು.

1948ರ ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ಸುಬ್ಬಾರಾವ್ ನಿದ್ರೆಯಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 53 ವರ್ಷ. ಮಕ್ಕಳು ಚೇತರಿಸಿಕೊಂಡ ವರದಿ ಬಂದು ಎರಡೇ ತಿಂಗಳಾಗಿತ್ತು. 1922ರಲ್ಲಿ ಹಡಗು ಹತ್ತಿದ ಅವರು ಮತ್ತೆ ತಾಯ್ನಾಡಿಗೆ ಬರಲಿಲ್ಲ. ಪತ್ನಿ ಶೇಷಗಿರಿಯವರು ಅವರನ್ನು ಪುನಃ ನೋಡಲಿಲ್ಲ. ದೊಡ್ಡ ಕೆಲಸಕ್ಕೆ ಅವರ ಮನೆಯವರು ತೆತ್ತ ಬೆಲೆಯೂ ದೊಡ್ಡದೇ.

ಸುಬ್ಬಾರಾವ್ ಪ್ರಚಾರ ಬಯಸಿದವರಲ್ಲ. ಔಷಧಗಳ ಕೀರ್ತಿಯನ್ನು ತಂಡದವರಿಗೆ ಬಿಟ್ಟುಕೊಟ್ಟು ತಾವು ಹಿಂದೆ ನಿಲ್ಲುತ್ತಿದ್ದರು. ಆದ್ದರಿಂದಲೇ ಅವರ ಔಷಧಗಳನ್ನು ಬಲ್ಲ ಅನೇಕರು ಅವರ ಹೆಸರನ್ನು ಅರಿಯರು. ವಿಜ್ಞಾನಿಗಳು ಒಂದು ಶಿಲೀಂಧ್ರಕ್ಕೆ ಸುಬ್ಬಾರೊಮೈಸಿಸ್ ಎಂದು ಅವರ ಹೆಸರಿಟ್ಟಿದ್ದಾರೆ. ಅವರು ಹುಟ್ಟಿ ನೂರು ವರ್ಷ ತುಂಬಿದ 1995ರಲ್ಲಿ ಭಾರತ ಸರಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮೆಟ್ರಿಕ್‌ನಲ್ಲಿ ಎರಡು ಬಾರಿ ನಪಾಸಾದ ಹುಡುಗನನ್ನು ತಾಯಿ ಕೈಬಿಡಲಿಲ್ಲ. ಆ ಹುಡುಗನೂ ಹಿಡಿದ ಕೆಲಸವನ್ನು ಕೈಬಿಡಲಿಲ್ಲ. ಅದರಿಂದ ಎಷ್ಟೋ ಮನೆಗಳಲ್ಲಿ ಮಕ್ಕಳು ಉಳಿದಿದ್ದಾರೆ.

ಪದಗಳ ಅರ್ಥ

ಯಕೃತ್ತು = ಪಿತ್ತರಸವನ್ನು ಉಂಟುಮಾಡುವ ದೇಹದ ಅಂಗ
ಮಜ್ಜೆ = ಮೂಳೆಯ ಒಳಗಿನ ಮೃದುವಾದ ಭಾಗ
ರಕ್ತಹೀನತೆ = ರಕ್ತ ಕಡಿಮೆಯಾಗುವುದು
ಸೋಜಿಗ = ಆಶ್ಚರ್ಯ
ಶಿಲೀಂಧ್ರ = ಬೂಷ್ಟು, ಅಣಬೆಗಳ ಜಾತಿಯ ಜೀವಿ
ತೆತ್ತ = ಕೊಟ್ಟ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸುಬ್ಬಾರಾವ್ ಎಲ್ಲಿ, ಯಾವಾಗ ಜನಿಸಿದರು?
2. ಬಾಲಕ ಸುಬ್ಬಾರಾವ್ ಕಾಶಿಗೆ ಏಕೆ ಹೊರಟನು?
3. ಫೋಲಿಕ್ ಆಮ್ಲಕ್ಕೆ ಆ ಹೆಸರು ಹೇಗೆ ಬಂತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸುಬ್ಬಾರಾವ್‌ಗೆ ಎಂ.ಬಿ.ಬಿ.ಎಸ್. ಪದವಿ ಏಕೆ ಸಿಗಲಿಲ್ಲ?
2. ಅಮಿನಾಪ್ಟೆರಿನ್ ಔಷಧವನ್ನು ಸುಳ್ಳು ಕೀಲಿಕೈಗೆ ಏಕೆ ಹೋಲಿಸಲಾಗಿದೆ?

ಇ) ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಭೇಟಿಯಾಗಿ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಯಾರು ಯಾರಿಗೆ ಕೊಡುತ್ತಾರೆ ಎಂದು ಕೇಳಿ ಬರೆಯಿರಿ.