ಉಪಕಾರವನ್ನು ಬರೆದಿಟ್ಟ ಚಕ್ರವರ್ತಿ

ಬೆಳಿಗ್ಗೆ ಎದ್ದೊಡನೆ ತನಗೆ ದೊರೆತಿರುವ ಒಳಿತುಗಳನ್ನು ನೆನೆದು, ನಾಲ್ಕು ಒಳ್ಳೆಯ ಮಾತುಗಳನ್ನು ತನಗೆ ತಾನೇ ಹೇಳಿಕೊಂಡರೆ ಮನಸ್ಸು ಪ್ರಸನ್ನವಾಗುವುದೆಂದು ಹಲವರು ಬೋಧಿಸುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೊಂದು ಸಂಶಯವೇಳುತ್ತಿತ್ತು. ಉಳ್ಳವನು ಕೃತಜ್ಞನಾಗಿರುವುದು ಸುಲಭ. ಇಲ್ಲದವನಿಗೆ ಕೃತಜ್ಞತೆಯನ್ನು ಬೋಧಿಸುವುದೆಂದರೆ, ಇದ್ದುದರಲ್ಲಿಯೇ ತೆಪ್ಪಗಿರೆಂದು ಅವನ ಬಾಯಿ ಕಟ್ಟುವ ಉಪಾಯವಲ್ಲವೆ? ಈ ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸನ ಚರಿತ್ರೆಯನ್ನು ಓದಿದೆನು.

ಮಾರ್ಕಸನು ಕ್ರಿ.ಶ. 121ನೆಯ ಏಪ್ರಿಲ್ 26ರಂದು ರೋಮ್ ನಗರದ ದೊಡ್ಡ ಮನೆತನವೊಂದರಲ್ಲಿ ಹುಟ್ಟಿದನು. ಇನ್ನೂ ಎಳೆಯ ಮಗುವಾಗಿದ್ದಾಗಲೇ ತಂದೆ ತೀರಿಕೊಂಡನು. ಅಜ್ಜನ ಆಶ್ರಯದಲ್ಲಿ ಬೆಳೆದನು. ತಾಯಿ ಡೊಮಿಟಿಯಾ ಲೂಸಿಲ್ಲಾ ಸಿರಿವಂತೆಯಾದರೂ ಸರಳವಾಗಿ ಬಾಳಿದವಳು. ಹನ್ನೆರಡರ ಹರೆಯದಲ್ಲಿ ಹುಡುಗನಿಗೆ ತತ್ತ್ವಶಾಸ್ತ್ರದ ಹುಚ್ಚು ಹಿಡಿದು, ಒರಟು ಬಟ್ಟೆ ತೊಟ್ಟು ನೆಲದ ಮೇಲೆ ಮಲಗತೊಡಗಿದನಂತೆ. ತಾಯಿ ಬಹಳವಾಗಿ ಹೇಳಿದ ಮೇಲೆ ಮಂಚ ಹತ್ತಲು ಒಪ್ಪಿದನೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಸುಖದ ನಡುವೆ ಇದ್ದೂ ಸುಖಕ್ಕೆ ಅಂಟಿಕೊಳ್ಳಬಾರದೆಂಬ ಹಟ ಅಂದಿನಿಂದಲೇ ಇದ್ದಿತು.

138ರಲ್ಲಿ ಚಕ್ರವರ್ತಿ ಹೇಡ್ರಿಯನ್ನನ ಅಪೇಕ್ಷೆಯಂತೆ ಆಂಟೊನೈನಸ್ ಪಯಸನು ಮಾರ್ಕಸನನ್ನು ದತ್ತು ತೆಗೆದುಕೊಂಡನು. ಅದೇ ವರ್ಷ ಹೇಡ್ರಿಯನ್ ಗತಿಸಲು ಆಂಟೊನೈನಸನು ಪಟ್ಟವೇರಿದನು. ಮಾರ್ಕಸನು ಇಪ್ಪತ್ತಮೂರು ವರ್ಷ ಸಾಕುತಂದೆಯ ಬಳಿಯಲ್ಲಿದ್ದು ರಾಜ್ಯಭಾರವನ್ನು ಕಲಿತನು. ಗುರು ರಸ್ಟಿಕಸನು ಆತನ ಕೈಗೆ ಎಪಿಕ್ಟೀಟಸನ ಬೋಧನೆಗಳನ್ನು ಕೊಟ್ಟದ್ದು ಆತನ ಬಾಳಿನ ದೊಡ್ಡ ಘಟನೆ. ಎಪಿಕ್ಟೀಟಸನು ಗುಲಾಮನಾಗಿ ಬದುಕಿ ಬಿಡುಗಡೆ ಹೊಂದಿದವನು. ಗುಲಾಮನಾಗಿದ್ದವನೊಬ್ಬನು ಚಕ್ರವರ್ತಿಗೆ ಗುರುವಾದುದು ವಿಚಿತ್ರವಾದರೂ ನಿಜ.

161ರಲ್ಲಿ ಮಾರ್ಕಸನು ಸಿಂಹಾಸನವನ್ನೇರಿದನು. ತಾನೊಬ್ಬನೇ ಆಳಬಹುದಾಗಿದ್ದರೂ ದತ್ತುಸೋದರ ಲೂಸಿಯಸ್ ವೇರಸನನ್ನು ಸಮಾನಾಧಿಕಾರಿಯಾಗಿ ಮಾಡಿಕೊಂಡನು. ಅಲ್ಲಿಂದ ಮುಂದೆ ಕಷ್ಟಗಳ ಸಾಲು. ಪೂರ್ವದಲ್ಲಿ ಪಾರ್ಥಿಯನ್ನರೊಡನೆ ಯುದ್ಧ; ಗೆದ್ದು ಹಿಂದಿರುಗಿದ ಸೈನಿಕರೊಡನೆ ಬಂದ ಮಹಾಮಾರಿ; ಉತ್ತರದಲ್ಲಿ ಡ್ಯಾನ್ಯೂಬ್ ನದಿಯನ್ನು ದಾಟಿ ನುಗ್ಗಿದ ಶತ್ರುಗಳು. ಬೊಕ್ಕಸ ಬರಿದಾದಾಗ, ಪ್ರಜೆಗಳ ಮೇಲೆ ಹೊಸ ಕಂದಾಯ ಹೊರಿಸಲೊಲ್ಲದೆ ಅರಮನೆಯ ಚಿನ್ನದ ಪಾತ್ರೆ, ರೇಷ್ಮೆಯ ಉಡುಗೆಗಳನ್ನು ರೋಮಿನ ಚೌಕದಲ್ಲಿ ಹರಾಜು ಹಾಕಿಸಿದನು. ಪತ್ನಿ ಫೌಸ್ಟಿನಾಳಲ್ಲಿ ಹನ್ನೆರಡಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು. ಗಂಡುಮಕ್ಕಳಲ್ಲಿ ತಂದೆಯ ಕಾಲಾನಂತರ ಉಳಿದವನು ಕೊಮೋಡಸ್ ಒಬ್ಬನೇ. 175ರಲ್ಲಿ ನಂಬಿದ ಸೇನಾನಿ ಅವಿಡಿಯಸ್ ಕ್ಯಾಸಿಯಸನೇ ದಂಗೆಯೆದ್ದನು. ಅವನ ಕಡೆಯವರೇ ಅವನನ್ನು ಕೊಂದು ತಲೆಯನ್ನು ತಂದಾಗ ಮಾರ್ಕಸನು ಅದನ್ನು ನೋಡಲೊಪ್ಪದೆ ಹೂಳಿಸಿದನು.

ಇಂತಹ ದಿನಗಳಲ್ಲಿ, ದಂಡಿನ ಪಾಳೆಯದಲ್ಲಿ ಕುಳಿತು, ಆತನು ಗ್ರೀಕ್ ಭಾಷೆಯಲ್ಲಿ ತನಗಾಗಿಯೇ ಬರೆದುಕೊಂಡ ಟಿಪ್ಪಣಿಗಳು ಇಂದಿಗೂ ಉಳಿದಿವೆ. ಹನ್ನೆರಡು ಭಾಗಗಳ ಆ ಪುಸ್ತಕವು ಮೊದಲು ಅಚ್ಚಾದದ್ದು 1559ರಲ್ಲಿ. ಬೆಳಿಗ್ಗೆ ಏಳಲು ಮನಸ್ಸಾಗದಿದ್ದರೆ ಏನೆಂದುಕೊಳ್ಳಬೇಕು, ಕೃತಘ್ನರೂ ಒರಟರೂ ಎದುರಾದರೆ ಹೇಗೆ ಸೈರಿಸಬೇಕು, ಇಲ್ಲದ್ದನ್ನು ಬಯಸುವ ಬದಲು ಇರುವುದನ್ನು ಹೇಗೆ ಎಣಿಸಬೇಕು ಎಂದು ಆತನು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಾನೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಒಂದು ಸಲ ಹೇಳಿದರೆ ಮನಸ್ಸು ಕೇಳುವುದಿಲ್ಲವೆಂಬುದು ಆತನಿಗೆ ಗೊತ್ತಿದ್ದಿರಬೇಕು.

ನನ್ನ ಮನಸ್ಸನ್ನು ಸೆಳೆದದ್ದು ಮೊದಲನೆಯ ಭಾಗ. ಅದು ಪೂರ್ತಿಯಾಗಿ ಋಣದ ಲೆಕ್ಕ. ಹದಿನೇಳು ಖಂಡಗಳಲ್ಲಿ ಅಜ್ಜ, ತಂದೆ, ತಾಯಿ, ಗುರುಗಳು, ಸಾಕುತಂದೆ, ಕಡೆಗೆ ದೇವತೆಗಳು, ಯಾರಿಂದ ಏನನ್ನು ಪಡೆದೆನೆಂದು ಒಂದೊಂದಾಗಿ ಬರೆದಿದ್ದಾನೆ. ಐಶ್ವರ್ಯಕ್ಕಾಗಿ, ಕಿರೀಟಕ್ಕಾಗಿ ವಂದನೆ ಸಲ್ಲಿಸುವುದಿಲ್ಲ. ಒಬ್ಬನಿಂದ ತಾಳ್ಮೆ, ಒಬ್ಬನಿಂದ ಎಚ್ಚರಿಕೆಯ ಓದು, ತಾಯಿಯಿಂದ ದಾನಬುದ್ಧಿ. ಬೇಗನೆ ತೀರಿಕೊಂಡ ತಾಯಿ ತನ್ನ ಕೊನೆಯ ವರ್ಷಗಳನ್ನು ತನ್ನೊಡನೆ ಕಳೆದಳೆಂಬುದನ್ನೂ ಭಾಗ್ಯಗಳಲ್ಲಿ ಸೇರಿಸಿದ್ದಾನೆ. ಕಷ್ಟದಲ್ಲಿರುವವನಿಗೆ ನೆರವಾಗಬೇಕೆಂದಾಗ ಹಣವಿಲ್ಲವೆಂಬ ಮಾತನ್ನು ಎಂದೂ ಕೇಳಬೇಕಾಗಲಿಲ್ಲವೆಂಬುದೂ ಅಲ್ಲಿದೆ.

ಐದನೆಯ ಖಂಡವು ತನ್ನನ್ನು ಎತ್ತಿ ಆಡಿಸಿ ಬೆಳೆಸಿದ ಪಾಲಕನದು. ದುಡಿಮೆಗೆ ಹಿಂಜರಿಯದಿರುವುದು, ಅಲ್ಪದಲ್ಲಿ ತೃಪ್ತಿ, ಸ್ವಂತ ಕೈಯಿಂದ ಕೆಲಸ ಮಾಡುವುದು, ಚಾಡಿಗೆ ಕಿವಿಗೊಡದಿರುವುದು, ಇವೆಲ್ಲ ಅವನಿಂದ ಬಂದವು. ಅಂತಹ ಪಾಲಕರು ಆ ಕಾಲದಲ್ಲಿ ಸಾಮಾನ್ಯವಾಗಿ ಗುಲಾಮರು ಅಥವಾ ಗುಲಾಮಗಿರಿಯಿಂದ ಬಿಡುಗಡೆಯಾದವರು. ಗುರುಗಳ ಹೆಸರುಗಳೆಲ್ಲ ಅಲ್ಲಿವೆ. ಇವನ ಹೆಸರು ಮಾತ್ರ ಇಲ್ಲ. ಚಕ್ರವರ್ತಿಯನ್ನು ದುಡಿಮೆಗೆ ಹಚ್ಚಿದವನು ಹೆಸರಿಲ್ಲದೆ ಹೋದನು.

ಆತನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಗುಲಾಮಗಿರಿ ಆತನ ಆಳ್ವಿಕೆಯಲ್ಲಿಯೂ ನಡೆಯಿತು. 177ರಲ್ಲಿ ಲಿಯಾನ್ಸ್ ಪಟ್ಟಣದ ಕ್ರೈಸ್ತರು ಕ್ರೂರವಾಗಿ ಕೊಲ್ಲಲ್ಪಟ್ಟರು. ಅದೇ ವರ್ಷ ಅಧಿಕಾರದಲ್ಲಿ ಪಾಲು ಪಡೆದ ಮಗ ಕೊಮೋಡಸನು ಮುಂದೆ ದುಷ್ಟ ದೊರೆಯೆನಿಸಿದನು. 180ನೆಯ ಮಾರ್ಚ್ 17ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಮಾರ್ಕಸನು ದಂಡಯಾತ್ರೆಯಲ್ಲಿದ್ದಾಗಲೇ ಕಾಯಿಲೆಯಿಂದ ತೀರಿಕೊಂಡನು.

ನನ್ನ ಸಂಶಯಕ್ಕೆ ಈ ಚರಿತ್ರೆಯಲ್ಲಿ ಅರ್ಧ ಉತ್ತರ ದೊರೆಯಿತು. ಆತನ ಕೃತಜ್ಞತೆ ತೆಪ್ಪಗಿರುವುದನ್ನು ಕಲಿಸುವುದಿಲ್ಲ. ಪಡೆದದ್ದಕ್ಕೆ ತಕ್ಕಂತೆ ನಡೆಯಬೇಕೆಂಬ ಹೊಣೆಯನ್ನು ಹೊರಿಸುತ್ತದೆ. ಅರಮನೆಯ ಹರಾಜು ಅದಕ್ಕೆ ಸಾಕ್ಷಿ. ಉಳಿದ ಅರ್ಧವನ್ನು ನಾವೇ ತುಂಬಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತಿದ ನನ್ನಂಥವರ ಲೆಕ್ಕದಲ್ಲಿ ರಸ್ಟಿಕಸರಿಗಿಂತ ಹೆಸರಿಲ್ಲದ ಪಾಲಕರೇ ಹೆಚ್ಚು. ಅಕ್ಷರವರಿಯದೆ ನಮ್ಮ ಶುಲ್ಕಕ್ಕಾಗಿ ಕೂಲಿ ಮಾಡಿದ ತಾಯಿತಂದೆ, ತಾನು ಶಾಲೆ ಬಿಟ್ಟು ತಮ್ಮನನ್ನು ಓದಿಸಿದ ಅಕ್ಕ, ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಅನ್ನ ಬೇಯಿಸಿದವರು. ಈ ವರ್ಷ ಕಾಲೇಜನ್ನು ಬಿಟ್ಟು ಹೋಗುವ ಮಿತ್ರರಲ್ಲಿ ನನ್ನದೊಂದೇ ಬಿನ್ನಹ: ದಿನಕ್ಕೊಬ್ಬರಂತೆ ನಾವೂ ಈ ಲೆಕ್ಕವನ್ನು ಬರೆಯೋಣ, ಬರೆಯುವಾಗ ಅವರ ಹೆಸರನ್ನು ತಪ್ಪದೆ ಬರೆಯೋಣ.